ನಾಬೋತನ ತೋಟ, ರೂತಳ ಅಂಚು

ಬೈಬಲ್ಲಿನ ಹೆಸರಿನಲ್ಲಿ ಸಮುದಾಯದ ತೋಟ ಮಾಡಲು ಹೊರಟವರ ಕೈಗೆ ಮೊದಲು ಸಿಗುವುದು ಗಿಡಗಳ ಪಟ್ಟಿ. ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ ವಾಗ್ದತ್ತ ನಾಡಿನ ಏಳು ಬೆಳೆಗಳನ್ನು ಹೆಸರಿಸುತ್ತದೆ: ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಕನ್ನಡ ಬೈಬಲ್ ಓದುಗರು ಎಣ್ಣೆಮರವೆಂದು ಬಲ್ಲ ಆಲಿವ್, ಮತ್ತು ಖರ್ಜೂರದ್ದೆಂದು ಪಂಡಿತರು ಅರ್ಥೈಸುವ ಜೇನು. ಇಸ್ರೇಲಿನ ನೆಓತ್ ಕೆದೂಮಿಮ್‌ನಲ್ಲಿ ಇಂಥ ಗಿಡಮರಗಳನ್ನೇ ಬೆಳೆಸಿ ಗ್ರಂಥದ ಭೂದೃಶ್ಯವನ್ನು ಮರಳಿ ಕಟ್ಟಿದ್ದಾರೆ. ಯುರೋಪು, ಅಮೆರಿಕದ ಎಷ್ಟೋ ಚರ್ಚುಗಳ ಹಿತ್ತಲಿನಲ್ಲಿ ಅದರ ಚಿಕ್ಕ ಪ್ರತಿಗಳಿವೆ, ಪ್ರತಿ ಗಿಡದ ಬುಡದಲ್ಲಿ ವಚನ ಬರೆದ ಒಂದು ಫಲಕ. ಇದನ್ನೇ ಗೋವಾದ ಫೋಂಡಾಕ್ಕೆ ತಂದರೆ ಏನಾದೀತು? ಅಂತ್ರುಜ ಎಂಬ ಹಳೆಯ ಹೆಸರಿನ ಈ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಣ್ಣು ಹುಳಿಯಾದ ಜಂಬಿಟ್ಟಿಗೆ ಮಣ್ಣು. ಚಳಿಗಾಲದ ಚಳಿ ಸಿಗದೆ ಹೂ ಬಿಡದ ಆಲಿವ್ ಅಲ್ಲಿ ಬದುಕಿದರೂ ಬಂಜೆಯಾಗಿ ಬದುಕೀತು. ದ್ರಾಕ್ಷಿ, ದಾಳಿಂಬೆ ವಿಜಯಪುರದವರಿಗೆ ಮನೆಯ ಬೆಳೆ, ಅಂಜೂರ ಬಳ್ಳಾರಿಯವರಿಗೆ. ಫೋಂಡಾದ ಆಷಾಢದಲ್ಲಿ ಅವು ಬೂಷ್ಟು ಹಿಡಿಯುತ್ತವೆ. ಔಷಧಿ ಹೊಡೆದು, ಪ್ಲಾಸ್ಟಿಕ್ ಹೊದಿಸಿ ಅವನ್ನು ಉಳಿಸಬಹುದು ನಿಜ. ಉಳಿಸಿದ್ದು ಪ್ರದರ್ಶನವಾದೀತು. ಕುರ್ಟಿ, ಖಾಂಡೆಪಾರ್, ಸವಯ್ ವೆರೆಂಗಳ ಮಸಾಲೆ ತೋಟಗಳಲ್ಲಿ ಪ್ರವಾಸಿಗರಿಗೆ ಟಿಕೆಟ್ ಕೊಟ್ಟು ಏಲಕ್ಕಿ ಗಿಡ ತೋರಿಸುವ ಉದ್ಯಮ ಫೋಂಡಾದಲ್ಲಿ ಈಗಾಗಲೇ ಇದೆ. ಅದಕ್ಕೆ ಇನ್ನೊಂದು ಸೇರಿಸಲು ಬೈಬಲ್ಲಿನ ಅಗತ್ಯವಿಲ್ಲ.

ನನ್ನ ವಾದ ಸರಳ. ತೋಟ ಬೈಬಲ್ಲಿಗೆ ನಿಷ್ಠವೋ ಅಲ್ಲವೋ ಎಂಬುದನ್ನು ಅದರಲ್ಲಿರುವ ಗಿಡಗಳಿಂದ ಅಳೆಯಲಾಗದು. ಅದರಲ್ಲಿ ಯಾರು ಉಣ್ಣುತ್ತಾರೆ, ಯಾರ ಅಪ್ಪಣೆಯಿಂದ ಉಣ್ಣುತ್ತಾರೆ, ನೆಲಕ್ಕೆ ಬಿಡುವು ಯಾವಾಗ ಸಿಗುತ್ತದೆ ಎಂಬುದರಿಂದ ಅಳೆಯಬೇಕು. ಹೀಗೆನ್ನಲು ಆಧಾರ ಗ್ರಂಥದಲ್ಲೇ ಇದೆ. ಗಿಡಗಳ ವಿಷಯದಲ್ಲಿ ಅದು ಹೇಳುವುದು ವರ್ಣನೆ. ಹೊಲದ ವಿಷಯದಲ್ಲಿ ಹೇಳುವುದು ಕಾನೂನು. ಯಾಜಕಕಾಂಡ ಹತ್ತೊಂಬತ್ತು ಮತ್ತು ಇಪ್ಪತ್ತಮೂರನೆಯ ಅಧ್ಯಾಯಗಳಲ್ಲಿ ಎರಡು ಬಾರಿ ಒಂದೇ ಮಾತು ಬರುತ್ತದೆ: ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯಬಾರದು, ಬಿದ್ದ ತೆನೆಗಳನ್ನು ಆಯಬಾರದು, ಅವು ಬಡವರಿಗೂ ಪರದೇಶಿಗೂ ಸೇರಿದವು. ಧರ್ಮೋಪದೇಶಕಾಂಡ ಇಪ್ಪತ್ತನಾಲ್ಕರಲ್ಲಿ ಅದು ಇನ್ನೂ ಸೂಕ್ಷ್ಮ: ಹೊಲದಲ್ಲಿ ಮರೆತ ಸಿವುಡನ್ನು ತರಲು ಹಿಂದಿರುಗಬಾರದು, ಎಣ್ಣೆಮರವನ್ನು ಎರಡನೆಯ ಸಲ ಬಡಿಯಬಾರದು. ಕೊಯ್ಲಾದ ಮೇಲೆ ನೆಲಕ್ಕೆ ಬಿದ್ದದ್ದು ಆರಿಸಿಕೊಂಡವರಿಗೆ ಎಂಬ ಹಕ್ಕಲಿನ ಪದ್ಧತಿ ನಮ್ಮ ಶೇಂಗಾ, ಜೋಳದ ಹೊಲಗಳಿಗೆ ಹೊಸದಲ್ಲ. ಬೈಬಲ್ಲಿನಲ್ಲಿ ವಿಶೇಷವೆಂದರೆ ಅದು ರೈತನ ದೊಡ್ಡ ಮನಸ್ಸಿಗೆ ಬಿಟ್ಟ ಸಂಗತಿಯಾಗಿಲ್ಲ. ಮೂಲೆ ಅವನದ್ದೇ ಅಲ್ಲ. ಇದರ ಬುಡದಲ್ಲಿರುವ ತತ್ವ ಯಾಜಕಕಾಂಡ ಇಪ್ಪತ್ತೈದರಲ್ಲಿ ಸಿಗುತ್ತದೆ: ಭೂಮಿ ದೇವರದು, ಅದನ್ನು ಶಾಶ್ವತವಾಗಿ ಮಾರಲು ಬಾರದು, ಉಳುವವರು ಅವನ ಬಳಿ ತಂಗಿರುವ ಪರದೇಶಿಗಳು ಮತ್ತು ಒಕ್ಕಲುಗಳು. ಮಾಲೀಕನೇ ಪರದೇಶಿಯಾದ ಮೇಲೆ ಇನ್ನೊಬ್ಬ ಪರದೇಶಿಯನ್ನು ಬೇಲಿಯಾಚೆ ನಿಲ್ಲಿಸಲು ಅವನಿಗೆ ಯಾವ ನ್ಯಾಯವಿದೆ?

ಬೈಬಲ್ಲಿನಲ್ಲಿ ತೋಟವೆಂದರೆ ಸದಾ ಏದೆನ್ ಎಂದುಕೊಳ್ಳುವವರು ಅರಸುಗಳ ಮೊದಲ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಇಜ್ರೇಲಿನ ನಾಬೋತನಿಗೆ ಅಹಾಬನ ಅರಮನೆಯ ಮಗ್ಗುಲಲ್ಲಿ ದ್ರಾಕ್ಷಿತೋಟವಿತ್ತು. ಅರಸನಿಗೆ ಅದು ಬೇಕಾದದ್ದು ಯುದ್ಧಕ್ಕಲ್ಲ, ಕೋಟೆಗಲ್ಲ, ಕಾಯಿಪಲ್ಲೆ ಬೆಳೆಯಲು. ಮನೆಗೆ ಹತ್ತಿರ ಎಂಬ ಕಾರಣ, ಒಳ್ಳೆಯ ಬೆಲೆ ಇಲ್ಲವೇ ಬದಲಿ ತೋಟ ಕೊಡುವ ಮಾತು, ಎಲ್ಲವೂ ಕೇಳಲು ಸಭ್ಯವಾಗಿಯೇ ಇದೆ. ಪಿತ್ರಾರ್ಜಿತವನ್ನು ಕೊಡಲಾರೆ ಎಂದ ನಾಬೋತ. ಈಜೆಬೆಲಳು ಸುಳ್ಳು ಸಾಕ್ಷಿಗಳನ್ನು ಎಬ್ಬಿಸಿ, ದೇವರನ್ನು ದೂಷಿಸಿದನೆಂಬ ಆರೋಪ ಹೊರಿಸಿ, ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ದೈವನಿಂದೆಯ ಮೊಕದ್ದಮೆ ಹೂಡಿ ಜಮೀನು ಹೊಡೆಯುವ ವಿದ್ಯೆ ಎಷ್ಟು ಹಳೆಯದು ನೋಡಿ. ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಸಂತ ಅಂಬ್ರೋಸ್ ಈ ಒಂದು ಕಥೆಯ ಮೇಲೆ ಇಡೀ ಪ್ರಬಂಧವನ್ನೇ ಬರೆದು, ನಾಬೋತನ ಕಥೆ ಹಳೆಯದಾದರೂ ದಿನವೂ ನಡೆಯುತ್ತಿದೆ, ಭೂಮಿ ಎಲ್ಲರಿಗಾಗಿ ಕೊಟ್ಟದ್ದು ಎಂದು ಸಿರಿವಂತರಿಗೆ ಹೇಳಿದ. ಹಾಗಾಗಿ ಕ್ರೈಸ್ತ ತೋಟಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ ಏನು ನೆಡುತ್ತೀರಿ ಎಂಬುದಲ್ಲ. ಈ ನೆಲ ನಿಮ್ಮ ಕೈಗೆ ಹೇಗೆ ಬಂತು ಎಂಬುದು.

ಫೋಂಡಾದಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಮೊನಚು ಇದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ತಿಸ್ವಾಡಿ, ಬಾರ್ದೇಸ್, ಸಾಲ್ಸೆಟ್‌ಗಳಲ್ಲಿ ದೇವಾಲಯಗಳನ್ನು ಕೆಡವಿದರು. ದೇವಸ್ಥಾನದ ಜಮೀನುಗಳ ಉತ್ಪನ್ನವನ್ನು ಚರ್ಚುಗಳಿಗೂ ಹಳೆಗೋವಾದ ಸಂತ ಪೌಲರ ಕಾಲೇಜಿಗೂ ತಿರುಗಿಸಿದರು. ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಫೋಂಡಾ ನದಿಯ ಈಚೆ ದಡದಲ್ಲಿ ಆಶ್ರಯವಾಯಿತು. ಕುಠ್ಠಾಳಿಯಿಂದ ಮಂಗೇಶ ಪ್ರಿಯೋಳಕ್ಕೆ ಬಂದ, ಕೆಳಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣಾದ ಮ್ಹಾಲಸೆ ಮಾರ್ದೋಳಕ್ಕೆ, ಲೊಟಲಿಯ ರಾಮನಾಥ ಬಾಂದಿವಡೆಗೆ. ಮಂಗಳೂರು, ಉಡುಪಿ, ಕಾರವಾರದ ಸಾರಸ್ವತರು ಇಂದಿಗೂ ಕುಲದೇವರ ದರ್ಶನಕ್ಕೆಂದು ಹೋಗುವುದು ಈ ವಲಸಿಗ ದೇವರುಗಳ ಬಳಿಗೆ. ಎರಡು ಶತಮಾನದ ಮೇಲೆ ಇನ್ನೊಬ್ಬರು ಓಡಿಬಂದರು: 1763ರ ಸುಮಾರಿಗೆ ಹೈದರಾಲಿಯ ಸೇನೆ ಸೋಂದೆಯನ್ನು ಹಿಡಿದಾಗ ಅಲ್ಲಿನ ಅರಸ ಘಟ್ಟ ಇಳಿದು ಪೋರ್ಚುಗೀಸರ ಮರೆಹೊಕ್ಕ, ಅವನ ವಂಶ ಬಾಂದಿವಡೆಯಲ್ಲಿ ನೆಲೆಸಿತು, ಫೋಂಡಾ ಪೋರ್ಚುಗೀಸರದಾಯಿತು. ಈ ಹೊಸ ಪ್ರದೇಶದಲ್ಲಿ ಹಳೆಯ ರೀತಿಯ ಬಲವಂತ ನಡೆಯಲಿಲ್ಲ, ದೇವಾಲಯಗಳು ಉಳಿದವು, ಆದ್ದರಿಂದಲೇ ಇಂದಿಗೂ ಈ ತಾಲ್ಲೂಕಿನಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಇನ್ನು ನಮ್ಮ ಕಾಲದ ವಲಸೆ: ಕುಂಡಯಿಯ ಕೈಗಾರಿಕಾ ವಸಾಹತಿಗೆ, ಕಟ್ಟಡದ ಕೆಲಸಕ್ಕೆ, ತೋಟದ ಕೂಲಿಗೆ ಉತ್ತರ ಕರ್ನಾಟಕದಿಂದ ಬಂದವರು. ದೇವರು, ಅರಸ, ಕೂಲಿಯವ, ಮೂವರೂ ಬೇರೆಲ್ಲಿಂದಲೋ ಬಂದು ಕಾಲೂರಿದ ತಾಲ್ಲೂಕು ಇದು.

ಇಲ್ಲೇ ಮೊದಲ, ಅತ್ಯಂತ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಒಂದು ಕಾಲದಲ್ಲಿ ದೇವರ ಹೆಸರಿನಲ್ಲಿ ದೇವರ ಜಮೀನನ್ನೇ ಕಿತ್ತುಕೊಂಡ ಸಂಸ್ಥೆ ಈಗ ಅದೇ ದೇವರುಗಳು ಆಶ್ರಯ ಪಡೆದ ಊರಿನಲ್ಲಿ ತೋಟದ ನೆಪದಲ್ಲಿ ಶಿಲುಬೆ ನೆಡಲು ಹೊರಟಿದೆಯೇ? ಈಗಿನ ಕ್ರೈಸ್ತರು ಆ ಪಾಪ ಮಾಡಿದವರಲ್ಲ, ಅವರ ಪೂರ್ವಿಕರೇ ಬಲವಂತಕ್ಕೆ ಗುರಿಯಾದವರು ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಉತ್ತರ ಸತ್ಯ, ಆದರೆ ಸಾಲದು. ನಾಬೋತನ ಕಥೆಯಲ್ಲಿ ಎಲೀಯ ಪ್ರವಾದಿ ಅಹಾಬನನ್ನು ಎದುರಿಸುವುದು ಅವನು ತೋಟಕ್ಕೆ ಇಳಿದು ಹೋದಾಗ. ಕೊಂದವಳು ಹೆಂಡತಿ, ಸಾಕ್ಷಿ ಹೇಳಿದವರು ಬೇರೆಯವರು, ಆದರೂ ಸ್ವಾಧೀನಕ್ಕೆ ಬಂದವನೇ ಹೊಣೆಗಾರ. ಈ ಅಳತೆಗೋಲನ್ನು ಗ್ರಂಥವೇ ಕೊಟ್ಟಿರುವಾಗ ಚರ್ಚು ಬೇರೆ ಅಳತೆಗೋಲು ಹುಡುಕಬಾರದು. ಅದರ ಅರ್ಥ, ಫೋಂಡಾದಲ್ಲಿ ಇಂಥ ತೋಟ ಹೊಸದಾಗಿ ಒಂದಡಿ ನೆಲವನ್ನೂ ಕೊಳ್ಳಬಾರದು, ಹಳ್ಳಿಯ ಸಾಮೂಹಿಕ ಒಡೆತನದ ಕೋಮುನಿದಾದಿನ ಖಾಲಿ ಜಾಗದ ಮೇಲೆ ಕಣ್ಣಿಡಬಾರದು; ಚರ್ಚು, ಶಾಲೆ, ಕಾನ್ವೆಂಟುಗಳ ಸ್ವಂತ ಕಾಂಪೌಂಡಿನ ಒಳಗೇ ಶುರುವಾಗಬೇಕು. ಶಿಲುಬೆಯಾಗಲಿ ಪ್ರತಿಮೆಯಾಗಲಿ ಬೇಲಿಯ ಸಾಲಿನಲ್ಲಿ ಇರಕೂಡದು. ಖಾಲಿ ಜಾಗದಲ್ಲಿ ಮೊದಲು ದೇವರನ್ನು ಕೂರಿಸಿ ಆಮೇಲೆ ಪಟ್ಟಾ ಮಾಡಿಸುವ ಕಲೆ ನಮ್ಮ ಎಲ್ಲ ಮತದವರಿಗೂ ಚೆನ್ನಾಗಿ ಗೊತ್ತಿರುವುದರಿಂದ ಈ ಎಚ್ಚರಿಕೆ ಅತಿಯಾಯಿತೆಂದು ಯಾರೂ ಹೇಳಲಾರರು.

ಸಮುದಾಯದ ಭೂಮಿ ಎಂಬ ಕಲ್ಪನೆಯನ್ನು ಗೋವಾಕ್ಕೆ ಬೈಬಲ್ ತರಲಿಲ್ಲ ಎಂಬುದನ್ನೂ ಒಪ್ಪಬೇಕು. ಪೋರ್ಚುಗೀಸರು ಬರುವ ಮೊದಲೇ ಹಳ್ಳಿಯ ಗದ್ದೆ, ಗುಡ್ಡ, ನೀರು ಗಾಂವಕಾರರ ಸಾಮೂಹಿಕ ಒಡೆತನದಲ್ಲಿದ್ದವು. 1526ರಲ್ಲಿ ಅಫೊನ್ಸೊ ಮೆಶಿಯಾ ಆ ಕಟ್ಟಳೆಗಳನ್ನು ಫೊರಾಲ್ ಎಂಬ ದಾಖಲೆಯಲ್ಲಿ ಬರೆಸಿದ. ಮುಂದೆ ಅದಕ್ಕೆ ಕೋಮುನಿದಾದ್ ಎಂಬ ಹೆಸರು ನಿಂತಿತು. ಗದ್ದೆಗಳನ್ನು ನಿಯತ ಅವಧಿಗೆ ಹರಾಜಿನಲ್ಲಿ ಕೊಡುವುದು, ಕಟ್ಟೆ ಕಾಲುವೆಗಳ ಖರ್ಚನ್ನು ಮೊದಲು ತೆಗೆದಿಡುವುದು, ದೇವಸ್ಥಾನಕ್ಕೂ ಕುಶಲಕರ್ಮಿಗಳಿಗೂ ಪಾಲು ಕೊಡುವುದು, ಉಳಿದದ್ದನ್ನು ಝೋಣ್ ಎಂದು ಹಂಚಿಕೊಳ್ಳುವುದು. ಯಾರ ಕೈಯಲ್ಲೂ ಭೂಮಿ ಶಾಶ್ವತವಾಗಿ ಗಟ್ಟಿಯಾಗದಂತೆ ನೋಡಿಕೊಂಡ ಈ ವ್ಯವಸ್ಥೆಗೂ, ಐವತ್ತನೆಯ ವರ್ಷ ಜಮೀನು ಮೂಲ ಕುಟುಂಬಕ್ಕೆ ಮರಳಬೇಕೆಂಬ ಯಾಜಕಕಾಂಡದ ಜೂಬಿಲಿ ಸಂವತ್ಸರಕ್ಕೂ ಉದ್ದೇಶದಲ್ಲಿ ಹತ್ತಿರದ ನಂಟಿದೆ. ಜೂಬಿಲಿಯ ಕಾನೂನು ಇಸ್ರೇಲಿನಲ್ಲಿ ನಿಜಕ್ಕೂ ಎಷ್ಟು ಜಾರಿಯಾಯಿತೆಂಬುದಕ್ಕೆ ಬೈಬಲ್ಲಿನಲ್ಲೇ ಸಾಕ್ಷ್ಯ ತೆಳು. ಗಾಂವಕಾರಿಯಂತೂ ಶತಮಾನಗಟ್ಟಲೆ ನಡೆದದ್ದು. ಅಷ್ಟರ ಮಟ್ಟಿಗೆ ಕೊಂಕಣದ ರೈತ ಮೋಶೆಗಿಂತ ಮುಂದೆ. ಆದರೆ ಗಾಂವಕಾರಿಯ ಬೇಲಿ ರಕ್ತದ್ದು. ಹಳ್ಳಿಯನ್ನು ಮೊದಲು ಕಟ್ಟಿದ ಮನೆತನಗಳ ಗಂಡುಸಂತಾನಕ್ಕೆ ಮಾತ್ರ ಅದರಲ್ಲಿ ಹಕ್ಕು; ಹೆಣ್ಣುಮಕ್ಕಳಿಗಿಲ್ಲ, ಕೆಳಗಿನವರೆನಿಸಿಕೊಂಡವರಿಗಿಲ್ಲ, ಬಂದವರಿಗಂತೂ ಇಲ್ಲವೇ ಇಲ್ಲ. ಬೈಬಲ್ಲಿನ ಕಾನೂನು ಹೊಸದಾಗಿ ಏನನ್ನಾದರೂ ಸೇರಿಸುವುದಿದ್ದರೆ ಈ ಕೊನೆಯ ಸಾಲಿನಲ್ಲಿ ಸೇರಿಸುತ್ತದೆ.

ರೂತಳ ಕಥೆ ಅದಕ್ಕೆ ಪುರಾವೆ. ಅವಳು ಮೋವಾಬಿನವಳು, ವಿಧವೆ, ಅತ್ತೆ ನೊವೊಮಿಯ ಜೊತೆ ಜವೆಗೋಧಿಯ ಸುಗ್ಗಿಗೆ ಬೇತ್ಲೆಹೇಮಿಗೆ ಬಂದವಳು. ಧರ್ಮೋಪದೇಶಕಾಂಡದ ಪ್ರಕಾರ ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಇಸ್ರೇಲಿನ ದೇವಸಭೆಗೆ ಸೇರುವಂತಿಲ್ಲ. ಆದರೆ ಅದೇ ಬೈಬಲ್ ಹೊಲದ ಮೂಲೆಯನ್ನು ಪರದೇಶಿಗೆ ಬಿಡಿಸಿತ್ತು; ಆಲಯದ ಬಾಗಿಲು ಮುಚ್ಚಿದ ಹೆಣ್ಣಿಗೆ ಹೊಲದ ಅಂಚು ತೆರೆದಿತ್ತು. ಬೋವಜ ತನ್ನ ಆಳುಗಳಿಗೆ ಹೇಳುವುದು ಎರಡು ಮಾತು: ಅವಳನ್ನು ಮುಟ್ಟಬೇಡಿ, ಅವಳನ್ನು ಗದರಿಸಬೇಡಿ. ವಲಸೆ ಬಂದ ಹೆಂಗಸಿಗೆ ಹೊಲದಲ್ಲಿ ಏನು ಕಾದಿರುತ್ತದೆಂಬುದು ಕಥೆ ಬರೆದವನಿಗೆ ತಿಳಿದಿತ್ತು. ಘಟ್ಟದ ಮೇಲಿನಿಂದ ಬಂದವರನ್ನು ಗೋವಾದಲ್ಲಿ ತಿರಸ್ಕಾರದಿಂದ ಕರೆಯಲು ಒಂದು ಹೆಸರೇ ಇದೆ, ಘಾಂಟಿ. ಊರಿನ ಕಸಕ್ಕೆ, ಕಳವಿಗೆ, ಕೊಳೆಗೇರಿಗೆ ಅವರನ್ನು ಹೊಣೆ ಮಾಡುವುದು ಚುನಾವಣೆ ಬಂದಾಗಲೆಲ್ಲ ಸುಲಭ; ಅವರು ಕಟ್ಟಿದ ಮನೆಗಳಲ್ಲಿ ವಾಸಿಸುವುದು ವರ್ಷವಿಡೀ ಸುಲಭ. ಗದಗ, ಬಾಗಲಕೋಟೆಯ ಹೆಣ್ಣುಮಗಳಿಗೆ ಫೋಂಡಾದ ಚರ್ಚಿನ ತೋಟದ ಅಂಚಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಹರಿವೆ ಸೊಪ್ಪು ಕೊಯ್ಯುವ ಹಕ್ಕಿದೆಯೇ? ಈ ತೋಟ ಬೈಬಲ್ಲಿನದೋ ಅಲ್ಲವೋ ಎಂಬುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಕಾಣುವುದಿಲ್ಲ. ಕ್ರೈಸ್ತರೇ ಅಲ್ಪಸಂಖ್ಯಾತರಾಗಿರುವ ಊರಿನಲ್ಲಿ ಅವರು ನೆನೆಯಬೇಕಾದ ಇನ್ನೊಂದು ಪಠ್ಯ ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯ. ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಕಾಗದದಲ್ಲಿ ಮನೆ ಕಟ್ಟಿರಿ, ತೋಟ ಮಾಡಿ ಫಲ ಉಣ್ಣಿರಿ, ನೀವಿರುವ ಪಟ್ಟಣದ ಹಿತವನ್ನು ಹಾರೈಸಿರಿ ಎಂಬ ಸೂಚನೆಗಳಿವೆ. ಆ ಪಟ್ಟಣ ಅವರ ಮತದವರದ್ದಾಗಿರಲಿಲ್ಲ. ಅದನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳಿರಿ ಎಂಬ ಸೂಚನೆ ಆ ಕಾಗದದಲ್ಲಿ ಇಲ್ಲ.

ಇಲ್ಲಿ ಎರಡನೆಯ ಆಕ್ಷೇಪ: ಬಡ ವಲಸಿಗನಿಗೆ ತರಕಾರಿ ಕೊಟ್ಟು ಮತಕ್ಕೆ ಸೆಳೆಯುವ ಹೊಸ ಉಪಾಯ ಇದು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ದುರುದ್ದೇಶದವರೆಂದು ತಳ್ಳಿಹಾಕಬಾರದು. ಕನ್ನಡ ನಾಡಿನ ಕ್ರೈಸ್ತ ಇತಿಹಾಸವೇ ಆ ಅನುಮಾನಕ್ಕೆ ಎಡೆ ಕೊಟ್ಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1840ರ ದಶಕದಲ್ಲಿ ಬೆಟಗೇರಿಯ ಹತ್ತಿರದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಮಾಡಿತು. ಕಾಲಜ್ಞಾನದ ಅನುಯಾಯಿಗಳು ಗುಂಪಾಗಿ ಕ್ರೈಸ್ತರಾಗುವರೆಂಬ ನಿರೀಕ್ಷೆ ಅದರ ಹಿಂದಿತ್ತು. ಗುಂಪು ಬರಲಿಲ್ಲ, ವಸಾಹತು ನಿಲ್ಲಲಿಲ್ಲ. ದಕ್ಷಿಣ ಕನ್ನಡದಲ್ಲಿ ಕತೆ ಇನ್ನೊಂದು ಬಗೆ. ಮತ ಬದಲಿಸಿ ಕಳ್ಳು ಇಳಿಸುವ ಕಸುಬು ಬಿಟ್ಟ ಬಿಲ್ಲವರಿಗೆ ಬದುಕಲು ದಾರಿ ಬೇಕಿತ್ತು. ಮಿಷನ್ ಅವರನ್ನು ತನ್ನ ಜಮೀನಿನಲ್ಲಿ ಒಕ್ಕಲು ಕೂರಿಸಿತು, ಗೇಣಿ ವಸೂಲಿಗೆ ಇಳಿಯಿತು. ಪಾದ್ರಿಯೇ ಧಣಿಯಾದ. ಭಾನುವಾರ ಪ್ರಸಂಗ ಹೇಳುವವನು ಸೋಮವಾರ ಗೇಣಿ ಕೇಳಿದರೆ ಎರಡೂ ಕೆಲಸ ಕೆಡುತ್ತವೆ. ಮಿಷನ್ನಿನ ಹೆಸರು ನಿಂತದ್ದು ಹೊಲದಿಂದಲ್ಲ, ನೇಯ್ಗೆಯಿಂದ, 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯಿಂದ. ಕೂಲಿಗೆ ಕೆಲಸ, ಕೆಲಸಕ್ಕೆ ಕೂಲಿ ಎಂಬ ಲೆಕ್ಕದಲ್ಲಿ ಕೃತಜ್ಞತೆಯ ಹೊರೆ ಸ್ವಲ್ಪ ಕಡಿಮೆ.

ಹಕ್ಕಲಿನ ಕಾನೂನಿನ ಜಾಣ್ಮೆ ಇರುವುದು ಇಲ್ಲಿ. ಅದರಲ್ಲಿ ಕೊಡುವ ಕೈ ಇಲ್ಲ. ಮಾಲೀಕ ಬುಟ್ಟಿ ತುಂಬಿ ಹಂಚುವುದಿಲ್ಲ, ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಫೋಟೊ ತೆಗೆಸುವುದಿಲ್ಲ. ಬಡವನೇ ಬಂದು, ಬಗ್ಗಿ, ಆಯ್ದುಕೊಂಡು ಹೋಗುತ್ತಾನೆ. ಯೆಹೂದಿ ಪಂಡಿತರು ಇದರ ವಿವರಗಳಿಗಾಗಿ ಮಿಷ್ನಾದಲ್ಲಿ ಪೇಅ ಎಂಬ ಇಡೀ ಭಾಗವನ್ನೇ ಮೀಸಲಿಟ್ಟರು. ಮೂಲೆಗೆ ಮೇಲಿನ ಮಿತಿ ಇಲ್ಲ, ಕನಿಷ್ಠ ಅರವತ್ತರಲ್ಲಿ ಒಂದು ಪಾಲು ಬಿಡಬೇಕು. ಅದು ಹೊಲದ ಕೊನೆಯಲ್ಲೇ ಇರಬೇಕು. ಇಲ್ಲವಾದರೆ ಮಾಲೀಕ ಯಾರೂ ಇಲ್ಲದ ಹೊತ್ತು ನೋಡಿ ತನ್ನ ನೆಂಟನನ್ನು ಕರೆದಾನು, ಬಡವರು ದಿನವಿಡೀ ಕಾದು ಕೂರಬೇಕಾದೀತು. ದಿನಕ್ಕೆ ಮೂರು ಹೊತ್ತು ಆಯುವವರಿಗೆ ಪ್ರವೇಶ. ಇವೆಲ್ಲ ಎರಡು ಸಾವಿರ ವರ್ಷ ಹಳೆಯ ಕಾನೂನುಗಳಾದರೂ ಕುಂಡಯಿಯಲ್ಲಿ ಪಾಳಿ ಲೆಕ್ಕದಲ್ಲಿ ದುಡಿಯುವವರಿಗೆ ಮೂರು ಹೊತ್ತಿನ ಪ್ರವೇಶ ಎಷ್ಟು ಅಗತ್ಯವೆಂದು ಯಾರೂ ವಿವರಿಸಬೇಕಿಲ್ಲ. ಸಾವಿರ ಚದರ ಮೀಟರಿನ ತೋಟದಲ್ಲಿ ಅರವತ್ತರ ಒಂದು ಪಾಲೆಂದರೆ ಹದಿನೇಳು ಚದರ ಮೀಟರಿಗೂ ಕಡಿಮೆ. ಅಷ್ಟನ್ನೂ ಬಿಡಲು ಮನಸ್ಸಿಲ್ಲದವರು ಹೆಸರಿಗೆ ಬೈಬಲ್ಲನ್ನು ಎಳೆದು ತರಬಾರದು. ಹೀಗೆ ಬಿಟ್ಟರೆ ಒಬ್ಬನೇ ಬಂದು ಎಲ್ಲವನ್ನೂ ಗೋಣಿಗೆ ತುಂಬಿಕೊಂಡು ಹೋಗಿ ಸಂತೆಯಲ್ಲಿ ಮಾರಿದರೆ ಎಂಬ ಲೌಕಿಕ ಆಕ್ಷೇಪಕ್ಕೂ ಧರ್ಮೋಪದೇಶಕಾಂಡ ಇಪ್ಪತ್ತಮೂರರಲ್ಲಿ ಉತ್ತರವಿದೆ: ನೆರೆಯವನ ದ್ರಾಕ್ಷಿತೋಟದಲ್ಲಿ ಹೊಟ್ಟೆ ತುಂಬ ತಿನ್ನಬಹುದು, ಬುಟ್ಟಿಗೆ ಹಾಕಿಕೊಳ್ಳಬಾರದು. ಹಸಿವಿಗೆ ಮಿತಿ ಹಾಕದೆ ದುರಾಸೆಗೆ ಮಿತಿ ಹಾಕುವ ನಿಯಮ. ಫಲಕದ ಮೇಲೆ ಬರೆಯಲು ಒಂದೇ ಸಾಲು ಸಾಕು.

ಫೋಂಡಾದಲ್ಲಿ ಇದಕ್ಕಿಂತ ಇರಿಯುವ ಪ್ರಶ್ನೆ ಭಾದ್ರಪದದಲ್ಲಿ ಬರುತ್ತದೆ. ಚವತಿಗೆ ಗಣಪತಿಯ ಮೇಲೆ ಕಟ್ಟುವ ಮಾಟೊಳಿಗೆ ತೋಟದ, ಕಾಡಿನ ಕಾಯಿ ಹಣ್ಣುಗಳೆಲ್ಲ ಬೇಕು: ತೆಂಗು, ಸಿಂಗಾರ, ಹಸಿ ಅಡಿಕೆಗೊನೆ, ಅಂಬಟೆ, ಮಾದಳ. ಚರ್ಚಿನ ತೋಟದ ಅಂಚಿಗೆ ಬಂದವನೊಬ್ಬ ಅಂಬಟೆಯನ್ನು ಪಲ್ಯಕ್ಕೆ ಒಯ್ಯದೆ ಮಾಟೊಳಿಗೆ ಒಯ್ದರೆ? ವಿಗ್ರಹಾರಾಧನೆಗೆ ನಾವೇ ಸಾಮಗ್ರಿ ಬೆಳೆದಂತಾಯಿತಲ್ಲ ಎಂದು ಸಭೆಯಲ್ಲಿ ಯಾರೋ ಎದ್ದು ಕೇಳುವುದು ಖಂಡಿತ, ಕೇಳುವವರು ಪ್ರಾಮಾಣಿಕ ಭಕ್ತರೇ ಆಗಿರುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಇದೇ ತೊಡಕನ್ನು ಬಿಡಿಸಲು ಮೂರು ಅಧ್ಯಾಯ ವ್ಯಯಿಸಿದ. ವಿಗ್ರಹಪೂಜೆಯಲ್ಲಿ ಪಾಲುಗೊಳ್ಳಬೇಡಿ ಎಂದು ಅವನು ಖಂಡಿತವಾಗಿ ಹೇಳಿದ. ಮಾರುಕಟ್ಟೆಯಲ್ಲಿ ಸಿಗುವುದನ್ನು ಎಲ್ಲಿಂದ ಬಂತೆಂದು ವಿಚಾರಿಸದೆ ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎಂದೂ ಹೇಳಿದ. ಬಂದದ್ದನ್ನು ವಿಚಾರಿಸಬೇಡಿ ಎಂಬ ಮಾತು ಹೋಗುವುದಕ್ಕೂ ಅನ್ವಯಿಸುತ್ತದೆಂದು ನಾನು ವಾದಿಸುತ್ತೇನೆ. ಆಯ್ದವನ ಮನೆಯೊಳಗೆ ಇಣುಕುವ ಅಧಿಕಾರವನ್ನು ಹಕ್ಕಲಿನ ಕಾನೂನು ಮಾಲೀಕನಿಗೆ ಕೊಟ್ಟಿಲ್ಲ, ಏಕೆಂದರೆ ಆ ಅಂಚಿಗೆ ಅವನು ಮಾಲೀಕನೇ ಅಲ್ಲ. ಅಂಬಟೆ ಎಲ್ಲಿಗೆ ಹೋಯಿತೆಂಬ ಲೆಕ್ಕ ಇಡತೊಡಗಿದ ದಿನವೇ ಅದು ಮತ್ತೆ ದಾನವಾಗುತ್ತದೆ, ದಾನದ ಹಿಂದೆಯೇ ಷರತ್ತು ಬರುತ್ತದೆ. ಹೊಸ ಬೆಳೆಯ ಹಬ್ಬಗಳಂತೂ ಈ ಕರಾವಳಿಯಲ್ಲಿ ಮತಗಳನ್ನು ಮೀರಿ ಒಂದೇ ಹಂಗಾಮಿಗೆ ಬರುತ್ತವೆ. ತಾಳಗಾಂವದ ಕಣಸಾ ಫೆಸ್ತ್ ಆಗಸ್ಟ್ 21ಕ್ಕೆ. ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ, ಮಕ್ಕಳು ಮರಿಯಮ್ಮನಿಗೆ ಹೂ ಹಾಕುವುದು, ಆಶೀರ್ವದಿಸಿದ ತೆನೆಯ ಕಾಳನ್ನು ಮನೆಮಂದಿಯೆಲ್ಲ ಉಣ್ಣುವುದು. ಅದೇ ವಾರಗಳಲ್ಲಿ ನೆರೆಮನೆಯಲ್ಲಿ ಹೊಸತು, ತೆನೆ ಕಟ್ಟುವುದು. ಭತ್ತಕ್ಕೆ ಹಾಲು ತುಂಬುವ ಕಾಲ ಎಲ್ಲರಿಗೂ ಒಂದೇ.

ಏಳನೆಯ ವರ್ಷದ ಬಿಡುವಿನ ಕಾನೂನು ಫೋಂಡಾಕ್ಕೆ ಒಗ್ಗದು ಎನ್ನುವವರಿಗೆ ಕೃಷಿಯ ಅರಿವಿದೆ. ಇಲ್ಲಿನ ತೋಟವೆಂದರೆ ಕುಳಾಗರ: ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಡಿಕೆ, ತೆಂಗು, ನಡುವೆ ಬಾಳೆ, ಮರಕ್ಕೆ ಹಬ್ಬಿದ ಕರಿಮೆಣಸು, ಕೆಳಗೆ ಅನಾನಸ್, ಊಟೆಯ ನೀರು ಕಾಲುವೆಯಲ್ಲಿ ಇಳಿದು ಎಲ್ಲಕ್ಕೂ ಉಣಿಸುವ ವ್ಯವಸ್ಥೆ. ಅಡಿಕೆ ಮರವನ್ನು ಒಂದು ವರ್ಷ ಪಾಳು ಬಿಡಲಾಗದು. ನೀರು ತಪ್ಪಿದರೆ ಬೇಸಿಗೆಯಲ್ಲೇ ತೋಟ ಹೋಗುತ್ತದೆ. ಆದರೆ ವಿಮೋಚನಕಾಂಡ ಇಪ್ಪತ್ತಮೂರನ್ನು ಗಮನವಿಟ್ಟು ಓದಿದರೆ ಅಲ್ಲಿ ಹೊಲದ ಜೊತೆಗೆ ದ್ರಾಕ್ಷಿತೋಟ, ಎಣ್ಣೆಮರಗಳೂ ಸೇರಿವೆ, ಅವೂ ಬಹುವಾರ್ಷಿಕಗಳೇ. ಅಲ್ಲಿ ಬಿಡುವಿಗೆ ಒಳಗಾಗುವುದು ಮಾಲೀಕನ ಹಕ್ಕೇ. ಫಲವನ್ನು ಬಡವರು ಉಣ್ಣುತ್ತಾರೆ, ಅವರು ಬಿಟ್ಟದ್ದನ್ನು ಕಾಡುಪ್ರಾಣಿಗಳು. ಕುಳಾಗರಕ್ಕೆ ಇದು ಸರಿಯಾಗಿ ಹೊಂದುತ್ತದೆ: ನೀರು ಗೊಬ್ಬರ ನಿಲ್ಲಿಸಬೇಕಿಲ್ಲ, ಏಳನೆಯ ವರ್ಷದ ತೆಂಗು, ಬಾಳೆ, ಮೆಣಸನ್ನು ಮಾರುಕಟ್ಟೆಗೆ ಒಯ್ಯದಿದ್ದರೆ ಸಾಕು. ತರಕಾರಿ ಮಡಿಗಳಲ್ಲಾದರೆ ಪ್ರತಿ ವರ್ಷ ಏಳರಲ್ಲೊಂದು ಮಡಿಗೆ ಸರದಿಯ ಮೇಲೆ ವಿಶ್ರಾಂತಿ, ಅದರಲ್ಲಿ ಮಳೆಗಾಲದ ತಗಟೆ, ಕಾಡುಕೆಸು ತಾನಾಗಿ ಹುಟ್ಟಿ ಬರಲಿ. ಅಸ್ಸಿಸಿಯ ಫ್ರಾನ್ಸಿಸ್ ಮಠದ ತೋಟದ ಒಂದು ಭಾಗವನ್ನು ಮುಟ್ಟದೆ ಬಿಡಲು ಹೇಳುತ್ತಿದ್ದನೆಂಬುದನ್ನು ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸಿ ಪತ್ರದಲ್ಲಿ ನೆನಪಿಸಿದ್ದಾರೆ. ಪ್ರಾಣಿಗಳ ವಿಷಯದಲ್ಲಿ ಮಾತ್ರ ಫೋಂಡಾದ ರೈತನಿಗೆ ಗ್ರಂಥದ ಪ್ರೋತ್ಸಾಹ ಬೇಕಿಲ್ಲ. ಮಂಗ, ಕಾಡುಹಂದಿಗಳು ಏಳನೆಯ ವರ್ಷಕ್ಕಾಗಿ ಕಾಯುವುದಿಲ್ಲ. ಅವುಗಳಿಂದ ಉಳಿಸಿಕೊಳ್ಳಲು ಬೇಲಿ ಬೇಕೇ ಬೇಕು, ಆ ಬೇಲಿ ಮನುಷ್ಯರಿಗೂ ಬೇಲಿಯಾಗದಂತೆ ಗೇಟಿಗೆ ಬೀಗ ಇಲ್ಲದಿದ್ದರೆ ಆಯಿತು.

ಇಷ್ಟಕ್ಕೆಲ್ಲ ಬೈಬಲ್ ಯಾಕೆ, ಪುರಸಭೆಯೇ ಒಂದು ಉದ್ಯಾನ ಮಾಡಿ ಅಂಚು ಬಿಟ್ಟರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಹಾಗಾದರೆ ಸಂತೋಷ. 1967ರಲ್ಲಿ ಚರಿತ್ರಕಾರ ಲಿನ್ ವೈಟ್ ಪರಿಸರದ ಬಿಕ್ಕಟ್ಟಿನ ಬೇರು ಬೈಬಲ್ಲಿನಲ್ಲೇ ಇದೆ, ಆದಿಕಾಂಡ ಮನುಷ್ಯನಿಗೆ ಕೊಟ್ಟ ದೊರೆತನದಲ್ಲಿ ಇದೆ ಎಂದು ಬರೆದ ಮೇಲೆ, ಹೊರಗಿನವರಿಗಷ್ಟೇ ಅಲ್ಲ, ಒಳಗಿನ ಎಷ್ಟೋ ಮಂದಿಗೂ ಆ ಗ್ರಂಥ ಇಂಥ ಕೆಲಸಕ್ಕೆ ತಡೆಯೆಂದೇ ಕಂಡಿದೆ. ದೊರೆತನದ ಒಂದು ವಾಕ್ಯವನ್ನು ಹಿಡಿದು ಹೊಲದ ಮೂಲೆಯ ಹತ್ತಾರು ವಾಕ್ಯಗಳನ್ನು ಬಿಟ್ಟವರು ಗ್ರಂಥದ ಟೀಕಾಕಾರರು ಮಾತ್ರವಲ್ಲ, ಕ್ರೈಸ್ತರೂ ಹೌದು. ಬೈಬಲ್ಲಿನಿಂದ ಸಿಗುವುದು ಬೇಸಾಯದ ತಿಳಿವಲ್ಲ. ಅದು ಕುಳಾಗರದ ಒಡೆಯನಲ್ಲಿ, ಏಳು ಏಣಿನ ಬೆಂಡೆಯ ಬೀಜ ಕಾಪಾಡಿಕೊಂಡು ಬಂದ ಹೆಂಗಸರಲ್ಲಿ, 2015ರಲ್ಲಿ ಸಲೇಸಿಯನ್ ಪಾದ್ರಿಗಳು ಸುಳಕರ್ಣೆಯಲ್ಲಿ ತೆರೆದ ಡಾನ್ ಬಾಸ್ಕೊ ಕೃಷಿ ಕಾಲೇಜಿನಲ್ಲಿ ಬೇಕಾದಷ್ಟಿದೆ. ನಂಬಿಕೆಯಿಂದ ಸಿಗುವುದು ನಂಬಿದವರ ಮೇಲೆ ಕಟ್ಟುಪಾಡು. ಉತ್ಸಾಹದಲ್ಲಿ ಶುರುವಾದ ಸಮುದಾಯದ ತೋಟಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಬ್ಬಿಬ್ಬರ ಹೆಗಲ ಮೇಲೆ ಬೀಳುತ್ತವೆ, ಆಗ ಅಂಚು ಬಿಡುವುದು ಮೊದಲು ನಿಲ್ಲುತ್ತದೆ, ಏಕೆಂದರೆ ಲಾಭವಿಲ್ಲದ ಕೆಲಸ ಅದೊಂದೇ. ಅದನ್ನು ನಿಲ್ಲಿಸಲು ತನಗೆ ಅಧಿಕಾರವಿಲ್ಲ ಎಂದು ನಂಬುವವರು ಕೆಲವರಾದರೂ ತೋಟದಲ್ಲಿ ಇರಬೇಕು.

ಫೋಂಡಾದಲ್ಲಾಗಲಿ, ಮೊಂತಿ ಹಬ್ಬಕ್ಕೆ ತೆನೆ ತರುವ ನಮ್ಮ ಮಂಗಳೂರು, ಉಡುಪಿಯ ಚರ್ಚುಗಳಲ್ಲಾಗಲಿ ಇಂಥ ತೋಟಕ್ಕೆ ಮನಸ್ಸು ಮಾಡಿದವರಲ್ಲಿ ವಿನಂತಿ ಇಷ್ಟು: ನೆಲದ ಕಾಗದಪತ್ರ ಊರವರ ಮುಂದೆ ಓದಿ ಹೇಳಿ, ಮೊದಲ ಮಡಿ ಅಗೆಯುವ ಮುನ್ನ ಅಂಚನ್ನು ಅಳೆದು ಗೂಟ ಹಾಕಿ, ಆಯುವವರಿಗೆ ತೆರೆದಿರುವ ಹೊತ್ತುಗಳನ್ನು ಕೊಂಕಣಿ, ಮರಾಠಿ, ಕನ್ನಡ, ಹಿಂದಿಯಲ್ಲಿ ಗೇಟಿನ ಮೇಲೆ ಬರೆಸಿ. ಆಲಿವ್ ಸಸಿಯ ಆರ್ಡರನ್ನು ರದ್ದು ಮಾಡಿ ಆ ದುಡ್ಡಿಗೆ ಬೆಂಡೆ, ಹರಿವೆ ಬೀಜ ತನ್ನಿ.